ಹಂಚುವ ಕೈ ಯಾರದು?

ಆಕಾಶವಾಣಿ ಭದ್ರಾವತಿಯ ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮಲೆನಾಡಿನ ಚರ್ಚುಗಳಲ್ಲಿ ಕೊಡುವವರಿಗೆ ಬರ ಇಲ್ಲ. ಬೆಳೆ ಹಬ್ಬದ ಹರಾಜಿನಲ್ಲಿ ಒಂದು ಬಾಳೆಗೊನೆಗೆ, ಒಂದು ನಾಟಿ ಕೋಳಿಗೆ ಪೇಟೆ ದರದ ಎಷ್ಟೋ ಪಟ್ಟು ಕೂಗುತ್ತಾರೆ. ಅಡಿಕೆಗೆ ಕೊಳೆ ಬಿದ್ದ ವರ್ಷವೂ ಕಾಣಿಕೆ ಪೆಟ್ಟಿಗೆ ಖಾಲಿ ಇರುವುದಿಲ್ಲ. ಆದ್ದರಿಂದ ದಾನದ ವಿಷಯ ಇವತ್ತು ಬೇಡ. ಬಂದದ್ದನ್ನು ಹಂಚುವವರು ಯಾರು? ನನ್ನ ಮಾತೆಲ್ಲ ಇದೊಂದರ ಬಗ್ಗೆ.

ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳು ಪುಸ್ತಕದ ಎರಡನೇ, ನಾಲ್ಕನೇ ಅಧ್ಯಾಯಗಳನ್ನು ಎಲ್ಲರೂ ಕೇಳಿರುತ್ತೀರಿ. ಜೆರುಸಲೇಮಿನ ಮೊದಲ ಕ್ರೈಸ್ತರು ಹೊಲ ಮನೆ ಮಾರಿ ತಂದು ಕೊಟ್ಟರು, ಅಗತ್ಯಕ್ಕೆ ತಕ್ಕಂತೆ ಎಲ್ಲರಿಗೂ ಹಂಚಿದರು. ಚರ್ಚಿನಲ್ಲಿ ಪ್ರಸಂಗ ಮಾಡುವವರು ಅಲ್ಲಿಗೇ ನಿಲ್ಲಿಸುತ್ತಾರೆ. ದಯವಿಟ್ಟು ಆರನೇ ಅಧ್ಯಾಯವನ್ನೂ ಓದಿ. ಅದೇ ಜೆರುಸಲೇಮಿನ ಸಭೆಯಲ್ಲಿ ಗ್ರೀಕ್ ಮಾತಾಡುವವರ ಕಡೆಯ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿರಲಿಲ್ಲ. ಗೊಣಗಾಟ ಎದ್ದಿತು. ಆಗ ಏಳು ಜನರನ್ನು ಆರಿಸಿದರು. ಸ್ತೆಫನ, ಫಿಲಿಪ್ಪ, ಪ್ರೊಖೋರ... ಏಳೂ ಗ್ರೀಕ್ ಹೆಸರುಗಳು. ಯಾರಿಗೆ ಸಿಗುತ್ತಿರಲಿಲ್ಲವೋ ಅವರ ಕಡೆಯವರ ಕೈಗೇ ಹಂಚುವ ಕೆಲಸ ಬಂತು!

ಈಗ ನಮ್ಮ ಊರುಗಳನ್ನು ನೋಡಿ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿಯವರು, ಕೇರಳದಿಂದ ಬಂದು ರಬ್ಬರ್ ಹಾಕಿದವರು, ಭದ್ರಾವತಿಯ ಕಾರ್ಖಾನೆ ಕೆಲಸಕ್ಕೆ ಬಂದು ನೆಲೆಸಿದ ತಮಿಳರು, ಇಲ್ಲಿಯವರೇ ಆದ ಕನ್ನಡಿಗರು, ಎಲ್ಲರೂ ಒಂದೇ ಪೂಜೆಗೆ ಕೂರುತ್ತಾರೆ. ಸಮಿತಿಯಲ್ಲಿ ಮಾತ್ರ ಎಲ್ಲರೂ ಕೂತಿರುವುದಿಲ್ಲ.

ನನಗೆ ಚೆನ್ನಾಗಿ ಗೊತ್ತಿರುವ ಒಂದು ಚರ್ಚಿನ ಸಂಗತಿ ಹೇಳುತ್ತೇನೆ. ಊರಿನ ಹೆಸರು ಬೇಡ. ಆಷಾಢದ ಮಳೆಯಲ್ಲಿ ತೋಟದ ಕೆಲಸ ನಿಲ್ಲುತ್ತದೆ, ದಿನಗೂಲಿಯವರಿಗೆ ಕೈಯಲ್ಲಿ ಕಾಸಿರುವುದಿಲ್ಲ. ಹಾಗಾಗಿ ಅಲ್ಲಿ ಪ್ರತಿ ವರ್ಷ ಬಡ ಕುಟುಂಬಗಳಿಗೆ ಅಕ್ಕಿ ಕೊಡುತ್ತಿದ್ದರು. ಭಾನುವಾರದ ಪೂಜೆ ಮುಗಿದ ಮೇಲೆ ಮೈಕಿನಲ್ಲಿ ಹೆಸರು ಕೂಗುವುದು, ಎಲ್ಲರೆದುರು ಬಂದು ಚೀಲ ತಗೊಳ್ಳುವುದು, ಒಂದು ಫೋಟೊ. ಎಸ್ಟೇಟಿನ ಲೈನ್ ಮನೆಗಳವರು, ಅಂದರೆ ಅಲ್ಲಿನ ಸಾಲು ಮನೆಗಳಲ್ಲಿರುವ ಕೂಲಿಯವರು, ಒಬ್ಬರೂ ಆ ಪಟ್ಟಿಯಲ್ಲಿ ಇರುತ್ತಿರಲಿಲ್ಲ. ಯಾಕೆ? ಆ ಮಳೆಗೆ ಮೇಲಿನ ರಸ್ತೆಗೆ ಬಸ್ಸು ಬರುವುದಿಲ್ಲ, ಅವರು ಪೂಜೆಗೆ ಬರುವುದಿಲ್ಲ. ಪೂಜೆಗೆ ಬಂದವರನ್ನು ನೋಡಿಯೇ ಪಟ್ಟಿ ಬರೆಯುತ್ತಿದ್ದದ್ದು. ಸಮಿತಿಯವರು ಕೆಟ್ಟವರಲ್ಲ. ಅವರ ಕಣ್ಣಿಗೆ ಲೈನ್ ಮನೆ ಬೀಳುತ್ತಿರಲಿಲ್ಲ, ಅಷ್ಟೇ.

ಒಂದು ವರ್ಷ ಅಲ್ಲಿನ ಫಾದರ್ ಪಟ್ಟಿಯನ್ನೂ ದುಡ್ಡನ್ನೂ ಲೈನ್ ಮನೆಯ ಇಬ್ಬರು ಹೆಂಗಸರ ಕೈಗೆ ಕೊಟ್ಟರು. ಸಮಿತಿಯಲ್ಲಿ ಗುಸುಗುಸು ಶುರುವಾಯಿತು. ಓದು ಬಾರದವರು, ಲೆಕ್ಕ ಇಡುತ್ತಾರಾ? ಒಬ್ಬಾಕೆ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಮಗಳ ಕೈಯಿಂದಲೇ ಬರೆಸಿದರು. ಒಂದು ಕಡೆ ಮನೆಯವರ ಹೆಸರು, ಪಕ್ಕದಲ್ಲಿ ಆ ತಿಂಗಳು ಕೆಲಸ ಸಿಗದ ದಿನಗಳು, ಅದರ ಪಕ್ಕ ಮನೆಯಲ್ಲಿ ಕಾಯಿಲೆಯವರು ಇದ್ದಾರಾ ಎಂಬುದು. ಅಂಥ ಪಟ್ಟಿಯನ್ನು ನಾನು ಯಾವ ಸಮಿತಿಯಲ್ಲೂ ಕಂಡಿರಲಿಲ್ಲ. ಅವರು ಹೇಳಿದ್ದು ಇಷ್ಟು: "ಅಕ್ಕಿ ರೇಷನ್ ಅಂಗಡೀಲಿ ಸಿಗ್ತದೆ ಫಾದರ್. ನಮಗೆ ಬೇಕಾದ್ದು ಎಣ್ಣೆ, ಒಣಮೀನು, ಸೋರೋ ಮಾಡಿಗೆ ಟಾರ್ಪಾಲು, ಆಸ್ಪತ್ರೆಗೆ ಹೋಗೋ ಜೀಪಿನ ಬಾಡಿಗೆ." ಹೆಸರು ಕೂಗುವುದು ನಿಂತಿತು, ಫೋಟೊ ನಿಂತಿತು. ಕೆಳಗಿನ ಊರಿನ ಒಬ್ಬ ವಿಧವೆಯ ಹೆಸರನ್ನೂ ಅವರೇ ಸೇರಿಸಿದರು. ದೊಡ್ಡ ಮನೆ, ಒಳಗೆ ಒಲೆ ಹಚ್ಚಲು ಗತಿಯಿಲ್ಲ. ಆ ಮನೆಯ ಕಥೆ ಸಮಿತಿಗೆ ಗೊತ್ತಿರಲಿಲ್ಲ, ಅಲ್ಲಿ ಪಾತ್ರೆ ತೊಳೆಯಲು ಹೋಗುತ್ತಿದ್ದವಳಿಗೆ ಗೊತ್ತಿತ್ತು.

ಇಷ್ಟು ಕೇಳಿದ ಮೇಲೂ "ಅವರ ಕೈಗೆ ದುಡ್ಡು ಕೊಡುವುದಾ?" ಅನ್ನುವವರು ಸಿಗುತ್ತಾರೆ. ಕೊಡಿ, ಸ್ವಾಮಿ. ಬಿಟ್ಟುಹೋದವರ ಕೈಗೇ ಕೊಡಿ.

ಸಮಯ ಹತ್ತಿರ ಬಂತು. ಲೆಕ್ಕದ ವಿಷಯ ಬೇಗ ಹೇಳಿಬಿಡುತ್ತೇನೆ. ಸಂತ ಪೌಲರೇ ಜೆರುಸಲೇಮಿನ ಬಡವರಿಗೆ ಎತ್ತಿದ ಹಣವನ್ನು ಒಬ್ಬರೇ ಒಯ್ಯಲಿಲ್ಲ. ಯಾರೂ ತಪ್ಪು ಹುಡುಕಬಾರದೆಂದು ಸಭೆಗಳು ಆರಿಸಿದವರನ್ನು ಜೊತೆಗಿಟ್ಟುಕೊಂಡರು. ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಎಂಟನೇ ಅಧ್ಯಾಯದಲ್ಲಿದೆ. ಪೌಲರಿಗೇ ಬೇಕಾದ ಎಚ್ಚರ ನಮ್ಮ ಖಜಾಂಚಿಗೆ ಬೇಡವೇ? ಬಂದದ್ದೆಷ್ಟು, ಹೋದದ್ದೆಷ್ಟು, ಚರ್ಚಿನ ಬಾಗಿಲಲ್ಲಿ ಹಾಕಿ. ಪಡೆದವರ ಹೆಸರು ಮಾತ್ರ ಹಾಕಬೇಡಿ.

ಇನ್ನು ಸೆಪ್ಟೆಂಬರ್ 8ರ ತೆನೆ ಹಬ್ಬ. ಆಶೀರ್ವದಿಸಿದ ತೆನೆಯನ್ನು ಗದ್ದೆ ಇದ್ದವರೂ ಇಲ್ಲದವರೂ ಮನೆಗೆ ಒಯ್ಯುತ್ತಾರೆ. ಈ ಸಲ ಅದಕ್ಕೆ ಮೊದಲು ಚರ್ಚಿನ ಪಾಲನಾ ಸಮಿತಿ ಕೂತಾಗ ವಾರ್ಡುಗಳ ಮುಖಂಡರಾದ ಗುರಿಕಾರರು ಒಂದು ಪ್ರಶ್ನೆ ಎತ್ತಲಿ: ನಮ್ಮ ವಾರ್ಡಿನಲ್ಲಿ ಕಳೆದ ವರ್ಷ ಯಾರಿಗೆ ಏನೂ ಸಿಗಲಿಲ್ಲ? ಅವರ ಮನೆಗೆ ಹೋಗಿ, ಈ ವರ್ಷದ ಪಟ್ಟಿ ನೀವೇ ಬರೆಯಿರಿ ಎಂದು ಕೇಳಲಿ. ನಮಸ್ಕಾರ.