ಮಳೆ ನಿಂತ ಮೇಲೆ ಅರಳುವ ತುಂಬೆ

ನಮಸ್ಕಾರ. ಮಳೆಗಾಲ ಪೂರ್ತಿ ಹೂ ಬಿಟ್ಟಿದ್ದ ಕರ್ಣಕುಂಡಲ ಈಗ ಒಣಗಿ ನಿಂತಿದೆ. ಅದರ ಪಕ್ಕದಲ್ಲಿ ಬೆಳ್ಳಗೆ ಕಾಣ್ತಿದೆಯಲ್ಲ, ಅದು ತುಂಬೆ. ಎಲ್ಲರೂ ಕಳೆ ಅಂತ ಕಿತ್ತು ಎಸೆಯುವ ಗಿಡ. ನಾನು ಬೇಕು ಅಂತಲೇ ಬೆಳೆಸಿದ್ದೇನೆ.

ಮೊದಲ ಸಲ ದಾರಿಬದಿಯಿಂದ ಹೂ ಬಿಟ್ಟ ಗಿಡವನ್ನೇ ಕಿತ್ತು ತಂದು ನೆಟ್ಟಿದ್ದೆ. ಗೊಬ್ಬರ ಹಾಕಿದೆ, ದಿನಾ ನೀರು ಹೊಯ್ದೆ. ನಾಲ್ಕೇ ದಿನಕ್ಕೆ ಜೋತುಬಿತ್ತು. ತುಂಬೆ ಒಂದೇ ವರ್ಷ ಬಾಳುವ ಗಿಡ. ಹೂ ಬಿಡುವ ಹೊತ್ತಿಗೆ ಅದರ ಆಯಸ್ಸು ಮುಗೀತಾ ಬಂದಿರುತ್ತದೆ. ಆಗ ಮತ್ತೆ ಬೇರೂರು ಅಂದರೆ ಹೇಗೆ? ಬೀಜದಿಂದಲೇ ಬೆಳೆಸಬೇಕು.

ಒಣಗಿದ ಒಂದು ಗೊಂಚಲನ್ನು ಅಂಗೈಯಲ್ಲಿ ಉಜ್ಜಿದೆ, ನೋಡಿ. ಒಂದೊಂದು ಪುಟ್ಟ ಬಟ್ಟಲಿನೊಳಗೆ ನಾಲ್ಕು ಬೀಜ. ಎಳ್ಳಿಗಿಂತ ಚಿಕ್ಕವು, ಕಂದು ಬಣ್ಣ, ನುಣುಪು. ಮೊದಲ ಮಳೆ ಬಿದ್ದಾಗ ಚೆನ್ನಾಗಿ ಬಿಸಿಲು ಬೀಳುವ ಜಾಗದಲ್ಲಿ ಇವನ್ನು ಎರಚಿ. ಮೇಲೆ ತೆಳ್ಳಗೆ ಮಣ್ಣು ಉದುರಿಸಿದರೆ ಸಾಕು. ಗೊಬ್ಬರ ಬೇಡವೇ ಬೇಡ. ಸಸಿ ಒತ್ತಾಗಿ ಬಂದರೆ ಗೇಣಿಗೊಂದು ಉಳಿಸಿ.

ಈಗ ಕ್ಯಾಮೆರಾ ಹತ್ತಿರ ತರ್ತೀನಿ. ಕಾಂಡ ಮುಟ್ಟಿ ನೋಡಿದರೆ ದುಂಡಗಿಲ್ಲ, ನಾಲ್ಕು ಮೂಲೆ ಇದೆ. ಗೆಣ್ಣಿನ ಸುತ್ತ ಹೂಗಳು ಚೆಂಡಿನ ಹಾಗೆ ಗುಂಪು ಕಟ್ಟಿವೆ. ಪ್ರತಿ ಹೂವಿಗೂ ಎರಡು ತುಟಿ. ಮೇಲಿನದು ಚಿಕ್ಕದು, ಹತ್ತಿ ಅಂಟಿಸಿದ ಹಾಗೆ ಬಿಳಿ ರೋಮ. ಕೆಳಗಿನದು ಅಗಲ, ಜೇನುನೊಣ ಬಂದು ಕೂರೋದಕ್ಕೆ ಹೇಳಿ ಮಾಡಿಸಿದ ಜಗಲಿ. ಪರಾಗ ಇರೋದು ಮೇಲಿನ ತುಟಿಯ ಅಡಿಯಲ್ಲಿ. ನೊಣ ಮಕರಂದಕ್ಕೆ ಬಗ್ಗಿದಾಗ ಅದರ ತಲೆಗೋ ಬೆನ್ನಿಗೋ ಪರಾಗ ಮೆತ್ತಿಕೊಳ್ಳುತ್ತದೆ. ಎಷ್ಟು ಜಾಣತನ, ಅಲ್ವಾ?

ಬಂತು ನೋಡಿ! ಹೊಟ್ಟೆ ಮೇಲೆ ನೀಲಿ ಪಟ್ಟೆ ಇರುವ ಜೇನುನೊಣ. ಇದು ಗೂಡು ಕಟ್ಟಿ ಗುಂಪಾಗಿ ಇರೋ ಜಾತಿ ಅಲ್ಲ, ಒಂಟಿಯಾಗಿಯೇ ಬದುಕುತ್ತದೆ. ಒಂದು ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಸಟ್ಟಂತ ಇನ್ನೊಂದಕ್ಕೆ ಹೋಗುತ್ತದೆ. ಇದನ್ನು ಕ್ಯಾಮೆರಾದಲ್ಲಿ ಹಿಡಿಯೋದಕ್ಕೆ ಬೆಳಗ್ಗೆಯಿಂದ ಸುಮ್ನೆ ಕೂತಿದ್ದೆ. ಬೇರೆ ಹೂಗಳು ಕಮ್ಮಿಯಾಗುವ ಈ ಹೊತ್ತಿನಲ್ಲಿ ಇವಕ್ಕೆ ಒಂದು ತುತ್ತು ಸಿಗಲಿ ಅಂತಲೇ ನನಗೆ ತುಂಬೆ ಬೇಕು.

ಹೂ ಉದುರಿದ ಮೇಲೂ ಗಿಡ ಕೀಳಬೇಡಿ. ಒಣಗಿ, ಬಟ್ಟಲುಗಳು ಖಾಲಿಯಾಗಲಿ. ಹಿತ್ತಲನ್ನೆಲ್ಲ ಗುಡಿಸಿ ಆಯ್ತು, ಈ ಮೂಲೆಗೆ ಮಾತ್ರ ನಾನಿನ್ನೂ ಪೊರಕೆ ತಾಗಿಸಿಲ್ಲ.