ಪೇಟಿಯ ಸುರ, ಗಿಟಾರಿನ ಸುರ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಗಿಟಾರ್ ಹಿಡಿಯುವ ಹುಡುಗರು ಇದ್ದರೆ ಒಂದೈದು ನಿಮಿಷ ರೇಡಿಯೋ ಹತ್ತಿರ ಕರೆಯಿರಿ. ಇವತ್ತು ನಾನು ಹೇಳಹೊರಟಿದ್ದು ಟ್ಯೂನರ್ ವಿಷಯ. ಅಂದರೆ ತಂತಿ ಸುರಕ್ಕೆ ಬಂತೋ ಇಲ್ಲವೋ ಎಂದು ತೋರಿಸುವ ಸಣ್ಣ ಯಂತ್ರ. ಕಾರ್ಯಕ್ರಮಕ್ಕೆ ಹೋಗುವಾಗ ಎಂಥದ್ದು ಒಯ್ಯಬೇಕು ಅನ್ನೋದು ನನಗೆ ಒಂದು ತಂತಿ ಕಳೆದುಕೊಂಡ ಮೇಲೆ ತಿಳಿಯಿತು.

ಗದಗಿನಲ್ಲಿ ಗೆಳೆಯನ ಮನೆಯ ಗೃಹಪ್ರವೇಶ. ಸಂಜೆ ಭಜನೆ, ಅದಾದ ಮೇಲೆ ನಮ್ಮ ಹಾಡು. ನಾನು ಮೊಬೈಲಿನ ಆ್ಯಪನ್ನೇ ನಂಬಿ ಹೋಗಿದ್ದೆ. ಮಗ್ಗಲಿಗೆ ತಬಲಾದವರು ಸುತ್ತಿಗೆ ಹಿಡಿದು ಟಕ್ ಟಕ್ ಅಂತ ಸುರ ಕೂಡಿಸುತ್ತಿದ್ದರು. ನಾನು ಒಂದನೇ ತಂತಿ ಮೀಟಿದೆ. ಆ್ಯಪು ಇಳಿದಿದೆ ಅಂದಿತು, ಬಿಗಿದೆ. ಇನ್ನೂ ಇಳಿದಿದೆ ಅಂದಿತು, ಇನ್ನೂ ಬಿಗಿದೆ. ಟಣ್ ಅಂತ ತಂತಿ ಹರಿದು ಗಲ್ಲಕ್ಕೆ ಬಡಿಯಿತು. ಅದು ಅಷ್ಟು ಹೊತ್ತು ಕೇಳುತ್ತಿದ್ದದ್ದು ನನ್ನ ತಂತಿಯನ್ನಲ್ಲ, ಪಕ್ಕದ ತಬಲಾವನ್ನು!

ಆ್ಯಪಿನ ತಪ್ಪೇನಿಲ್ಲ. ಮೊಬೈಲಿನ ಮೈಕಿಗೆ ಗಾಳಿಯಲ್ಲಿ ಬಂದದ್ದೆಲ್ಲ ಒಂದೇ. ತಬಲಾ, ಕುಕ್ಕರ್ ಸೀಟಿ, "ಹಲೋ ಮೈಕ್ ಟೆಸ್ಟಿಂಗ್", ಎಲ್ಲವೂ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುವಾಗ ಅದು ಸಾಕು, ದುಡ್ಡೂ ಬೇಡ. ಮಂದಿ ಸೇರಿದಲ್ಲಿ ಮಾತ್ರ ಗಾಳಿಯನ್ನು ನಂಬದ ಟ್ಯೂನರ್ ಬೇಕು.

ಅಂಥದ್ದು ಕ್ಲಿಪ್ ಟ್ಯೂನರ್. ಬಟ್ಟೆ ಒಣಹಾಕುವ ಚಿಮುಟದ ಹಾಗೆ ಗಿಟಾರಿನ ತಲೆಗೆ ಕಚ್ಚಿಸುವುದು. ಅದರೊಳಗೆ ಪೀಜೋ ಅನ್ನುವ ಬಿಲ್ಲೆ ಇರುತ್ತದೆ. ಅದು ನಡುಗಿದರೆ ಚೂರು ವಿದ್ಯುತ್ ಹುಟ್ಟುತ್ತದೆ. ತಂತಿ ಮೀಟಿದಾಗ ಕಟ್ಟಿಗೆ ನಡುಗುವುದನ್ನು ಅದು ನೇರವಾಗಿ ಹಿಡಿಯುತ್ತದೆ, ಹೊರಗಿನ ಗದ್ದಲ ಅದಕ್ಕೆ ಬಹಳ ತಾಗುವುದಿಲ್ಲ. ಬಹಳ ಅಂದೆ, ಪೂರ್ತಿ ಅನ್ನಲಿಲ್ಲ. ಹಾವೇರಿ ಕಡೆ ಜಾತ್ರೆಯಲ್ಲಿ ವೇದಿಕೆ ಪಕ್ಕ ಡೊಳ್ಳು ಬಿದ್ದಿತೋ, ಹಲಗೆ ನಡುಗಿ ನಿಮ್ಮ ಗಿಟಾರೂ ನಡುಗುತ್ತದೆ, ಮುಳ್ಳು ಕುಣಿಯುತ್ತದೆ. ಆಗ ಡೊಳ್ಳು ನಿಲ್ಲುವ ತನಕ ಕಾಯುವುದೇ. ದಪ್ಪನೆಯ ಆರನೇ ತಂತಿ ಸೆಕೆಂಡಿಗೆ ಬರೀ 82 ಸಲ ಕಂಪಿಸುತ್ತದೆ, ಅಗ್ಗದ ಕ್ಲಿಪ್‌ಗಳು ಅದನ್ನು ಹಿಡಿಯಲು ತಡವರಿಸುತ್ತವೆ. ಗಿಟಾರಿನ ಕತ್ತಿನ ಮೇಲೆ ಅಡ್ಡಕ್ಕೆ ಇರುವ ಪಟ್ಟಿಗಳೇ ಫ್ರೆಟ್. ಹನ್ನೆರಡನೇ ಫ್ರೆಟ್ ಮೇಲೆ ಬೆರಳು ಹಗುರಾಗಿ ಮುಟ್ಟಿಸಿ ಮೀಟಿ ನೋಡಿ, ಮುಳ್ಳು ಗಟ್ಟಿಯಾಗಿ ನಿಲ್ಲುತ್ತದೆ.

ಇನ್ನೊಂದು ಪೆಡಲ್ ಟ್ಯೂನರ್. ಕಾಲಡಿ ಇಡುವುದು, ಕೇಬಲ್ಲಿನಿಂದ ಬಂದ ಸುರವನ್ನಷ್ಟೇ ಕೇಳುವುದು. ಡೊಳ್ಳೂ ಇಲ್ಲ, ಡಿಜೆಯೂ ಇಲ್ಲ. ಒತ್ತಿದರೆ ಸ್ಪೀಕರ್ ಬಂದ್, ನೀವು ಸುರ ಕೂಡಿಸುವುದು ಮಂದಿಗೆ ಕೇಳಿಸುವುದಿಲ್ಲ. ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬ್ಯಾಂಡ್ ಜೊತೆ ನಿಲ್ಲುವವರಿಗೆ ಅದೇ ಸರಿ. ಆದರೆ ಪಿಕಪ್, ಅಂದರೆ ತಂತಿಯ ನಡುಕವನ್ನು ಕೇಬಲ್ಲಿಗೆ ಕಳಿಸುವ ಭಾಗ, ಇಲ್ಲದ ಸಾದಾ ಗಿಟಾರಿಗೆ ಅದರಿಂದ ಉಪಯೋಗವಿಲ್ಲ, ಬೆಲೆಯೂ ಕ್ಲಿಪ್‌ನ ಹಲವು ಪಟ್ಟು.

ಈಗ ಅಂಗಡಿಯವರು ಹೇಳದ ಮಾತಿಗೆ ಬರುತ್ತೇನೆ. ಡಬ್ಬಿಯ ಮೇಲೆ ನಿಖರತೆ ಒಂದು ಸೆಂಟ್, ಅರ್ಧ ಸೆಂಟ್ ಅಂತ ಬರೆದಿರುತ್ತಾರೆ. ಗಿಟಾರಿನಲ್ಲಿ ಒಂದು ಫ್ರೆಟ್ಟಿನಿಂದ ಪಕ್ಕದ ಫ್ರೆಟ್ಟಿಗೆ 100 ಸೆಂಟ್. ಐದಾರು ಸೆಂಟ್ ಆಚೀಚೆ ಆದರೆ ಬಹಳ ಮಂದಿಗೆ ಗೊತ್ತಾಗುವುದೂ ಕಷ್ಟ. ಆ ಅಂಕಿಗೆ ಮರುಳಾಗಬೇಡಿ. ನೋಡಬೇಕಾದದ್ದು ಬೇರೆ: ಅದರಲ್ಲಿ 440ನ್ನು ಬದಲಿಸಲು ಬರುತ್ತದೆಯೇ?

ಜಗತ್ತಿನ ಟ್ಯೂನರ್‌ಗಳು ಹೆಚ್ಚಾಗಿ ಪಾಶ್ಚಾತ್ಯ ಸಂಗೀತದ 'ಎ' ಸ್ವರಕ್ಕೆ ಸೆಕೆಂಡಿಗೆ 440 ಕಂಪನ ಅಂತ ಹಿಡಿದೇ ಬರುತ್ತವೆ. ನಮ್ಮ ಕಡೆ ಗಿಟಾರ್ ಎಲ್ಲಿ ಕೂಡುತ್ತದೆ? ಪೇಟಿಯ, ಅಂದರೆ ಹಾರ್ಮೋನಿಯಂನ ಪಕ್ಕದಲ್ಲಿ. ಹಾರ್ಮೋನಿಯಂ ಒಳಗಿರುವುದು ಹಿತ್ತಾಳೆಯ ರೀಡು, ಗಾಳಿಗೆ ನಡುಗಿ ಸ್ವರ ಹೊರಡಿಸುವ ತೆಳು ಪಟ್ಟಿ. ಅದನ್ನು ಬದಲಿಸಬೇಕಾದರೆ ಪೇಟಿ ಬಿಚ್ಚಿ ಕೆರೆಯಬೇಕು, ಕಾರ್ಯಕ್ರಮದಲ್ಲಿ ಕೂತು ಆಗುವ ಕೆಲಸವಲ್ಲ. ಇದೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂಗೆ ಬಾಗಿಲು ಹಾಕಿತ್ತು. ಸ್ವರ ಜಗ್ಗಲು ಬಾರದ ವಾದ್ಯ ಎನ್ನುವುದು ಅದರ ಮೇಲಿನ ಒಂದು ದೂರು. ಧಾರವಾಡ ನಿಲಯ 1950ರಲ್ಲಿ ಶುರುವಾದಾಗಲೂ ಆ ನಿರ್ಬಂಧ ಇತ್ತು, 1971ರಲ್ಲಿ ಸಡಿಲವಾಯಿತು. ಈಗ ಬಾಗಿಲು ತೆರೆದಿದೆ, ರೀಡು ಮಾತ್ರ ಹಾಗೇ ಇದೆ. ಹಾಗಾಗಿ ತಬಲಾ, ಗಿಟಾರ್, ಗಾಯಕರು, ಎಲ್ಲರೂ ಪೇಟಿಯ ಹತ್ತಿರವೇ ಬರಬೇಕು.

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಗೆಳೆಯರು ಸೇರಿ ಬಾರಿಸುವಾಗ ಒಮ್ಮೆ ಹೀಗಾಯಿತು. ಆರೂ ತಂತಿಗೆ ಟ್ಯೂನರಿನಲ್ಲಿ ಹಸಿರು ದೀಪ. ಪೇಟಿ ಜೊತೆ ಬಾರಿಸಿದರೆ ಇಬ್ಬರ ನಡುವೆ ವ್ಯಾಜ್ಯ. ಪೇಟಿ ಮಾಸ್ತರರು ನಕ್ಕು, "ತಮ್ಮಾ, ನಿನ್ನ ಮಷೀನು ಖರೇನೇ ಹೇಳತೈತಿ. ಆದ್ರ ನನ್ನ ಪೇಟಿ ಅದರ ಮಾತು ಕೇಳಂಗಿಲ್ಲಲ್ಲ" ಅಂದರು. ನನ್ನ ಆ ಟ್ಯೂನರಿಗೆ 440 ಬಿಟ್ಟರೆ ಬೇರೆ ಲೋಕವೇ ಇರಲಿಲ್ಲ.

ಈಗಿನದರಲ್ಲಿ 430ರಿಂದ 450ರ ತನಕ ಬದಲಿಸಬಹುದು. ನಾನು ಮಾಡುವುದು ಇಷ್ಟು. ಕ್ಲಿಪ್ಪನ್ನು ಮೊದಲು ಗಿಟಾರಿಗಲ್ಲ, ಪೇಟಿಯ ಕಟ್ಟಿಗೆ ಅಂಚಿಗೆ ಕಚ್ಚಿಸುತ್ತೇನೆ. ಗಾಯಕರ ಸಾ ಯಾವ ಮನೆಯೋ, ಕರಿ ಎರಡೋ ಬಿಳಿ ಒಂದೋ, ಆ ಮನೆಯನ್ನು ಒತ್ತಿ ತಿದಿ ಒಂದೇ ಸಮ ಹಾಕಲು ಹೇಳುತ್ತೇನೆ. ಮುಳ್ಳು ನಡುವೆ ಬರುವ ತನಕ ಅಂಕಿ ಬದಲಿಸುತ್ತೇನೆ. ಆ ಅಂಕಿಗೆ ಗಿಟಾರ್ ಕೂಡಿಸುತ್ತೇನೆ. 440ರ ಬದಲು 444 ಆದರೆ ಸುಮಾರು 16 ಸೆಂಟ್ ವ್ಯತ್ಯಾಸ, ಅದು ಎಂಥ ಕಿವಿಗೂ ಚುಚ್ಚುತ್ತದೆ. ಕೆಲವು ಪೇಟಿಗಳನ್ನು ಗಾಂಧಾರ, ಅಂದರೆ 'ಗ' ಸ್ವರ, ನೋಡಿ ಕೂಡಿಸಿರುತ್ತಾರೆ. ಅಲ್ಲಿ ಶುದ್ಧ ಗಾಂಧಾರ ಗಿಟಾರಿನ ಫ್ರೆಟ್‌ಗಿಂತ 14 ಸೆಂಟ್ ಕೆಳಗೆ. ಅದಕ್ಕೆ ಟ್ಯೂನರಿನಲ್ಲಿ ಮದ್ದಿಲ್ಲ, ಆ ಸ್ವರದ ಮೇಲೆ ಬಹಳ ಹೊತ್ತು ನಿಲ್ಲಬೇಡಿ ಅಷ್ಟೆ.

ಉಳಿದದ್ದು ಚಿಲ್ಲರೆ. ಮಧ್ಯಾಹ್ನದ ಬಿಸಿಲಲ್ಲಿ ಪರದೆ ಕಾಣುತ್ತದೆಯೇ ಅಂತ ಅಂಗಡಿಯ ಹೊರಗೆ ಬಂದು ನೋಡಿ. ಸಿಆರ್ 2032 ಬಟನ್ ಸೆಲ್ ಹಾಕುವಂಥದ್ದು ನನಗೆ ಮೆಚ್ಚು, ಗಡಿಯಾರ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ. ಚಾರ್ಜ್ ಮಾಡುವಂಥದ್ದನ್ನು ಹಿಂದಿನ ರಾತ್ರಿ ಮರೆತರೆ ಮುಗಿಯಿತು.

ಹೋದ ವರ್ಷ ಹಾವೇರಿಯಲ್ಲಿ ಒಬ್ಬ ಹಿರಿಯರ ಪೇಟಿಗೆ ಹೀಗೇ ಕ್ಲಿಪ್ ಕಚ್ಚಿಸಿದೆ. ಅವರು ಕನ್ನಡಕ ಮೇಲೇರಿಸಿ, "ಏನ್ ತಮ್ಮಾ, ನನ್ನ ಪೇಟಿಗೆ ಜ್ವರ ನೋಡಾಕತ್ತೀ ಏನು?" ಅಂದರು.

"ಹೌದ್ರೀ ಅಜ್ಜಾರ, 443 ಐತಿ" ಅಂದೆ.

"ಮೂವತ್ತು ವರ್ಷದಿಂದ ಅಷ್ಟೇ ಇರಬೇಕು ಬಿಡು" ಅಂತ ತಿದಿಗೆ ಕೈ ಹಾಕಿದರು.

ನಮಸ್ಕಾರ.