ನಮ್ಮಕ್ಕ ಆಫ್ರಿಕಾದಲ್ಲಿ ಏನು ಮಾಡುತ್ತಾಳೆ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಹೊರಗೆ ಜೋರು ಮಳೆ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ. ಹಾಗಾಗಿ ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ.

ಕಳೆದ ಅಕ್ಟೋಬರ್‌ನಲ್ಲಿ ನಮ್ಮ ಚರ್ಚ್ ಅಂಗಳದಲ್ಲಿ ಒಂದು ಕುಂಬಳಕಾಯಿ ಹರಾಜಾಯಿತು. ಅವತ್ತು ಮಿಷನ್ ಭಾನುವಾರ. ಅಕ್ಟೋಬರ್‌ನ ಕೊನೆಯ ಭಾನುವಾರಕ್ಕೆ ಒಂದು ವಾರ ಮೊದಲು ಬರುತ್ತದೆ. 1926ರಲ್ಲಿ ಪೋಪ್ ಹನ್ನೊಂದನೇ ಪಯಸ್ ಶುರು ಮಾಡಿದ್ದು, ಪ್ರಪಂಚದ ಕ್ಯಾಥೋಲಿಕ್ ಚರ್ಚುಗಳಲ್ಲೆಲ್ಲ ನಡೆಯುತ್ತದೆ. ನಮ್ಮ ಕಡೆ ಜನ ಮನೆಯಲ್ಲಿ ಬೆಳೆದದ್ದನ್ನು ತಂದುಕೊಡುತ್ತಾರೆ. ತೆಂಗಿನಕಾಯಿ, ಬಾಳೆಗೊನೆ, ಕಾಲು ಕಟ್ಟಿದ ನಾಟಿ ಕೋಳಿ. ಸಂತೆಯಲ್ಲಿ 40 ರೂಪಾಯಿಗೂ ಚೌಕಾಸಿ ಮಾಡುವ ಕುಂಬಳಕಾಯಿ ಅವತ್ತು 800ಕ್ಕೆ ಹೋಯಿತು. ಕೂಗಿದವರು ಅದನ್ನು ಮನೆಗೆ ಒಯ್ಯಲೂ ಇಲ್ಲ, ಮತ್ತೆ ಹರಾಜಿಗೆ ಇಡಿ ಅಂತ ವಾಪಸ್ ಕೊಟ್ಟರು.

ನನ್ನ ಜೊತೆ ಮಂಡಿಪೇಟೆಯಲ್ಲಿ ಅಂಗಡಿ ಇಟ್ಟಿರುವ ಗೆಳೆಯ ಬಂದಿದ್ದ. ಅವನು ಕ್ರಿಶ್ಚಿಯನ್ ಅಲ್ಲ, ಸುಮ್ನೆ ನೋಡೋಕೆ ಬಂದಿದ್ದ, ಕೋಳಿ ಮೇಲೆ ಕಣ್ಣಿತ್ತು ಅಂತಲೂ ಅನ್ನಬಹುದು. ಕಿವಿಯಲ್ಲಿ ಕೇಳಿದ, “ಈ ದುಡ್ಡು ಎಲ್ಲಿಗೆ ಹೋಗುತ್ತೋ?” ಹೊರದೇಶದಲ್ಲಿ ಸೇವೆ ಮಾಡೋ ಮಿಷನರಿಗಳಿಗೂ ಹೋಗುತ್ತೆ ಅಂದೆ. ಅವನಿಗೆ ನಗು ಬಂತು. “ಏ, ಅವರ ದುಡ್ಡು ನಿಮಗೆ ಬರುತ್ತೆ ಅಂದ್ಕೊಂಡಿದ್ದೆ ಕಣೋ, ಇದೇನು ಉಲ್ಟಾ?”

ಉಲ್ಟಾನೇ. ಮಿಷನರಿ ಅಂದ ತಕ್ಷಣ ನಮ್ಮ ತಲೆಯಲ್ಲಿ ಬಿಳಿ ಗಡ್ಡದ, ಟೋಪಿ ಹಾಕಿದ, ಕುದುರೆ ಮೇಲೆ ಬರುವ ಒಬ್ಬ ದೊರೆ ಕಾಣುತ್ತಾನೆ. ನಮ್ಮ ಚಿಕ್ಕಪ್ಪನ ಮಗಳು ಮಿಷನರಿ. ಜಗಳೂರು ಕಡೆ ಹಳ್ಳಿಯವಳು, ಕಪ್ಪಗಿದ್ದಾಳೆ, ಕುದುರೆ ಕಂಡರೆ ಹೆದರುತ್ತಾಳೆ. ನರ್ಸಿಂಗ್ ಓದಿ ಸಿಸ್ಟರ್ ಆದಳು. ಈಗ ಹನ್ನೊಂದು ವರ್ಷದಿಂದ ತಾಂಜಾನಿಯಾದ ಒಂದು ಸಣ್ಣ ಊರಿನ ಔಷಧಾಲಯದಲ್ಲಿದ್ದಾಳೆ. ನಾನು ಅವಳನ್ನು ಅಕ್ಕ ಅಂತಲೇ ಕರೆಯುವುದು, ಇಲ್ಲೂ ಹಾಗೇ ಕರೆಯುತ್ತೇನೆ.

ಅಕ್ಕನ ಬಗ್ಗೆ ಜನ ಎರಡೇ ಪ್ರಶ್ನೆ ಕೇಳುತ್ತಾರೆ. ಚರ್ಚಿನವರು, “ಅಲ್ಲಿ ಸಿಂಹ ಇದಾವಾ?” ಹೊರಗಿನವರು, “ಅಲ್ಲಿ ಎಷ್ಟು ಜನರನ್ನ ಮತಾಂತರ ಮಾಡಿದಾರೆ?” ಒಬ್ಬರಿಗೆ ಅವಳು ಸಂತಳು, ಇನ್ನೊಬ್ಬರಿಗೆ ಏಜೆಂಟು. ಬೆಳಿಗ್ಗೆ ಎದ್ದು ಏನು ಮಾಡುತ್ತಾಳೆ ಅಂತ ಒಬ್ಬರೂ ಕೇಳಿದ್ದು ನಾನು ಕಾಣೆ.

ಏನು ಮಾಡುತ್ತಾಳೆ? ಐದಕ್ಕೆ ಏಳುತ್ತಾಳೆ, ಪ್ರಾರ್ಥನೆ, ಪೂಜೆ. ಆಮೇಲೆ ಸೋಲಾರ್ ಬ್ಯಾಟರಿ ಎಷ್ಟಿದೆ ನೋಡಬೇಕು, ಟ್ಯಾಂಕಲ್ಲಿ ನೀರು ನೋಡಬೇಕು. ಔಷಧಾಲಯದ ಬಾಗಿಲು ತೆಗೆಯುವಷ್ಟರಲ್ಲಿ ಬೆನ್ನಿಗೆ ಮಗು ಕಟ್ಟಿಕೊಂಡ ಹೆಂಗಸರ ಸಾಲು. ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತ, ಮಲೇರಿಯಾ ಪರೀಕ್ಷೆ, ರಿಜಿಸ್ಟರ್‌ನಲ್ಲಿ ಹೆಸರು. ಮಧ್ಯಾಹ್ನದ ಮೇಲೆ ರಸೀದಿ, ಲೆಕ್ಕ, ರೆಸಿಡೆನ್ಸ್ ಪರ್ಮಿಟ್ ಕಾಗದ, ದಾನಿಗಳಿಗೆ ವರದಿ. “ನಾನು ದೇವರ ಸೇವೆಗೆ ಬಂದೆನೋ ಗುಮಾಸ್ತೆ ಕೆಲಸಕ್ಕೆ ಬಂದೆನೋ” ಅಂತ ಅವಳೇ ನಗುತ್ತಾಳೆ. ಸಿಂಹವನ್ನು ಅವಳು ಹನ್ನೊಂದು ವರ್ಷದಲ್ಲಿ ಒಂದು ಸಲವೂ ನೋಡಿಲ್ಲ.

ಊಟದ್ದು ಹೇಳಲೇಬೇಕು. ಅಲ್ಲಿನ ಮುಖ್ಯ ಊಟ ಉಗಾಲಿ. ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಗಂಟಾಗದ ಹಾಗೆ ಮರದ ಸೌಟಿನಲ್ಲಿ ತಿರುವುತ್ತಾರೆ. ಆ ಸೌಟಿಗೆ ಮ್ವಿಕೊ ಅಂತ ಹೆಸರು. ಥೇಟ್ ನಮ್ಮ ಮುದ್ದೆ, ಮುದ್ದೆ ಕೋಲು! ಈಗ ತಮಾಷೆ ಏನು ಗೊತ್ತಾ? ನಮ್ಮ ಚಿಕ್ಕಪ್ಪ ಜೀವಮಾನ ಪೂರ್ತಿ ಬೆಳೆದದ್ದು ಮೆಕ್ಕೆಜೋಳ. ದಾವಣಗೆರೆ ಜಿಲ್ಲೆಯಲ್ಲಿ ಯಾವ ದಾರಿ ಹಿಡಿದರೂ ಮೆಕ್ಕೆಜೋಳವೇ ಅಲ್ವಾ. ಆದರೆ ಅದನ್ನು ಮನೆಯಲ್ಲಿ ಯಾರೂ ಊಟಕ್ಕೆ ಮಾಡುತ್ತಿರಲಿಲ್ಲ, ಹೆಚ್ಚೆಂದರೆ ಹಸಿ ತೆನೆ ಸುಟ್ಟು ತಿನ್ನುತ್ತಿದ್ದೆವು. ಕಾಳೆಲ್ಲ ಲಾರಿ ಹತ್ತಿ ಕೋಳಿ ಆಹಾರಕ್ಕೆ ಹೋಗುತ್ತಿತ್ತು. ಅಕ್ಕ ಮೊದಲ ಸಲ ಉಗಾಲಿ ತಿಂದು ಫೋನ್ ಮಾಡಿದಾಗ ಚಿಕ್ಕಪ್ಪ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, “ಕೋಳಿ ತಿನ್ನೋದನ್ನ ನಿಂಗೆ ಹಾಕ್ತಾರಾ?” ಅಂದರು. “ಅಪ್ಪ, ಇಲ್ಲಿ ಎಲ್ಲರೂ ಇದನ್ನೇ ಉಣ್ಣೋದು” ಅಂದಳು.

ಈಗ ನಾನು ಹೇಳಬೇಕು ಅಂದುಕೊಂಡ ಮಾತು. ಮಿಷನರಿಯನ್ನು ಅಳೆಯಬೇಕು ಅಂದರೆ ಎಷ್ಟು ಜನರಿಗೆ ದೀಕ್ಷಾಸ್ನಾನ ಕೊಟ್ಟ, ಎಷ್ಟು ಕಟ್ಟಡ ಕಟ್ಟಿಸಿದ ಅಂತ ಕೇಳಬೇಡಿ. ಆ ಊರಿನ ಭಾಷೆ ಕಲಿತನಾ ಅಂತ ಕೇಳಿ. ಅದೊಂದು ಪ್ರಶ್ನೆ ಸಾಕು. ಭಾಷೆ ಕಲಿಯೋದು ಅಂದರೆ ಇನ್ನೊಬ್ಬರ ಮುಂದೆ ವರ್ಷಗಟ್ಟಲೆ ದಡ್ಡನಾಗಿ ಕೂರುವುದು. ಮೇಲೆ ನಿಂತು ಉಪದೇಶ ಮಾಡಲು ಬಂದವನಿಗೆ ಅದು ಆಗುವ ಕೆಲಸ ಅಲ್ಲ.

ಅಕ್ಕ ಮೊದಲ ತಿಂಗಳುಗಳಲ್ಲಿ ಅಲ್ಲಿನ ಭಾಷೆ ಸ್ವಾಹಿಲಿ ಕಲಿಯಲು ಕ್ಲಾಸಿಗೆ ಹೋಗುತ್ತಿದ್ದಳು. ಕೆಲವು ಪದ ಕೇಳಿ ಖುಷಿಪಟ್ಟಳು. ಅಂಗಡಿಗೆ ದುಕಾ, ನಮ್ಮ ದುಕಾನೇ. ವಾಹನಕ್ಕೆ ಗಾರಿ, ಅಂದರೆ ಗಾಡಿ. ಚಪಾತಿಗೆ ಚಪಾತಿ. ಹಿಂದೂ ಮಹಾಸಾಗರದ ವ್ಯಾಪಾರ ಇವೆಲ್ಲವನ್ನೂ ಮೊದಲೇ ಹೊತ್ತು ಹಾಕಿತ್ತು. ಆದರೆ ಗಂಟೆ ವಿಷಯದಲ್ಲಿ ಎಡವಿದಳು. ಅಲ್ಲಿ ಹೊತ್ತು ಎಣಿಸುವುದು ಬೆಳಗಿನ ಆರರಿಂದ. ನಮ್ಮ ಏಳು ಗಂಟೆ ಅವರಿಗೆ ಒಂದು, ನಮ್ಮ ಒಂಬತ್ತು ಅವರಿಗೆ ಮೂರು. ಇವಳು ಒಬ್ಬ ಅಜ್ಜಿಗೆ ಮಧ್ಯಾಹ್ನ ಮೂರಕ್ಕೆ ಬಾ ಅನ್ನೋ ಲೆಕ್ಕದಲ್ಲಿ “ಸಾ ತಾತು” ಅಂದಿದ್ದಾಳೆ. ಸಾ ತಾತು ಅಂದರೆ ಗಂಟೆ ಮೂರು, ಪದ ಸರಿಯಾಗೇ ಇದೆ. ಅಜ್ಜಿ ಬೆಳಿಗ್ಗೆ ಒಂಬತ್ತಕ್ಕೇ ಬಂದು ಮಾವಿನ ಮರದ ಕೆಳಗೆ ಕೂತಿದೆ. ಮಧ್ಯಾಹ್ನದವರೆಗೂ ಕೂತಿದೆ. ಇವಳಿಗೆ ಗೊತ್ತಾಗಿ ಓಡಿ ಹೋಗಿ ಕ್ಷಮೆ ಕೇಳೋಕೆ ಸರಿಯಾದ ಪದ ಸಿಗದೆ ಒದ್ದಾಡುತ್ತಿದ್ದರೆ, ಅಜ್ಜಿಯೇ ಇವಳ ಕೈ ಹಿಡಿದು “ಪೋಲೆ” ಅಂದಿತಂತೆ. ಪಾಪ, ನಿನಗೆ ಕಷ್ಟ ಆಯ್ತಲ್ಲ, ಅಂತ ಅರ್ಥ. ಬಿದ್ದವರಿಗೆ, ದಣಿದವರಿಗೆ, ಸಾವಿನ ಮನೆಯವರಿಗೆ, ಎಲ್ಲರಿಗೂ ಅಲ್ಲಿ ಪೋಲೆ ಅನ್ನುತ್ತಾರೆ. ಆರು ಗಂಟೆ ಹೊತ್ತು ಕಾದು ಕೂತದ್ದು ಅಜ್ಜಿ, ಸಮಾಧಾನ ಸಿಕ್ಕಿದ್ದು ಅಕ್ಕನಿಗೆ.

ಇದೇ ಕಣ್ಣಲ್ಲಿ ನಮ್ಮ ನಾಡಿಗೆ ಬಂದವರನ್ನು ನೋಡಿ. ಕಿಟೆಲ್ 1853ರಲ್ಲಿ ಜರ್ಮನಿಯಿಂದ ಬಾಸೆಲ್ ಮಿಷನ್ ಪರವಾಗಿ ಬಂದಾಗ 21 ವರ್ಷದ ಹುಡುಗ. ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದದ್ದು 1894ರಲ್ಲಿ. ನಲವತ್ತೊಂದು ವರ್ಷ! ಸುಮಾರು 70,000 ಪದ. ಕಿಟೆಲ್ ಎಷ್ಟು ಜನರನ್ನು ಕ್ರೈಸ್ತರನ್ನಾಗಿ ಮಾಡಿದರು ಅಂತ ಇವತ್ತು ಯಾರಿಗೂ ಬೇಕಿಲ್ಲ, ಆ ನಿಘಂಟು ಮಾತ್ರ ಕನ್ನಡ ಎಂ.ಎ. ಮಾಡುವವರ ಟೇಬಲ್ ಮೇಲೆ ಇನ್ನೂ ಇದೆ. 1843ರಲ್ಲಿ ಮಂಗಳೂರ ಸಮಾಚಾರ ಅಂತ ಕನ್ನಡದ ಮೊದಲ ಪತ್ರಿಕೆ ತಂದ ಮೋಗ್ಲಿಂಗ್ ಕೂಡ ಅದೇ ಮಿಷನ್‌ನವರು.

ಹಾಗಂತ ಅವರನ್ನೆಲ್ಲ ಗೋಡೆ ಮೇಲಿನ ಫೋಟೋ ಮಾಡಬೇಡಿ. ನಮ್ಮ ದೇವರುಗಳ ಬಗ್ಗೆ, ನಮ್ಮ ಪದ್ಧತಿಗಳ ಬಗ್ಗೆ ಓದೋಕಾಗದಂಥ ಮಾತು ಬರೆದು ಊರಿಗೆ ಕಳಿಸಿದವರೂ ಆ ಕಾಲದ ಮಿಷನರಿಗಳಲ್ಲಿ ಇದ್ದರು. ಕಂಪನಿ ಸರ್ಕಾರದ ನೆರಳಲ್ಲೇ ಓಡಾಡಿದವರಿದ್ದರು. ಅದು ಸುಳ್ಳಲ್ಲ, ನಾವು ಚರ್ಚಿನವರು ಅದನ್ನು ಮುಚ್ಚಿಡಬಾರದು.

ನಮ್ಮ ಚಿತ್ರದುರ್ಗದ ಕಡೆಯದೇ ಒಂದು ಕಥೆ ಇದೆ. ಬಿ.ಎಲ್. ರೈಸ್ ಹೆಸರು ಕೇಳಿರುತ್ತೀರಿ, ನಮ್ಮ ನಾಡಿನ ಶಾಸನಗಳನ್ನು ಕೂಡಿಸಿ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಸಂಪುಟಗಳನ್ನು ಮಾಡಿದವರು. ಅವರಪ್ಪ ಲಂಡನ್ ಮಿಷನ್‌ನ ಮಿಷನರಿ, ಮಗ 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದ್ದು. ಅಪ್ಪನ ದಾರಿ ಹಿಡಿಯದೆ ಸರ್ಕಾರಿ ಕೆಲಸಕ್ಕೆ ಸೇರಿದರು. 1892ರಲ್ಲಿ ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಬೆಳಕಿಗೆ ತಂದದ್ದು ಅವರೇ. ನಾನು ಹೋಗಿ ನೋಡಿದ್ದೇನೆ. ತಂದೆ ತಾಯಿ ಮಾತು ಕೇಳು, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ಹೇಳು ಅಂತ ಪ್ರಾಕೃತದಲ್ಲಿ, ಬ್ರಾಹ್ಮಿ ಲಿಪಿಯಲ್ಲಿ ಬರೆದಿದೆ. ಧರ್ಮ ಹೇಳಿಕೊಡೋಕೆ ಹೊರದೇಶಕ್ಕೆ ಜನ ಕಳಿಸಿದ್ದರಲ್ಲಿ ಅಶೋಕ ಮೊದಲಿಗರಲ್ಲೊಬ್ಬ ಅಲ್ವಾ, ಆ ಲೆಕ್ಕದಲ್ಲಿ ಮಿಷನರಿ ಕೆಲಸ ನಮಗೆ ಹೊಸದೇನಲ್ಲ. ಆ ಶಾಸನ ಬರೆದವನ ಹೆಸರು ಚಪಡ. ಕೊನೆಗೆ ತಾನು ಲಿಪಿಕಾರ ಅನ್ನೋ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಅಂದರೆ ದೂರದ ಗಾಂಧಾರದ, ಈಗಿನ ಪಾಕಿಸ್ತಾನ-ಅಫ್ಘಾನಿಸ್ತಾನದ ಕಡೆಯ ಲಿಪಿ. ಮೊಳಕಾಲ್ಮುರಿನಲ್ಲಿ ಅದನ್ನು ಯಾರು ಓದಬೇಕು? ನನಗೆ ಆ ಬಂಡೆ ಮುಂದೆ ನಿಂತಾಗ ಅಕ್ಕನ ನೆನಪೇ ಬಂತು. ಅವಳೂ ಅಷ್ಟೇ, ಔಷಧಾಲಯದ ಉಪ್ಪಿನಕಾಯಿ ಬಾಟಲಿ ಮೇಲೆ ಕನ್ನಡದಲ್ಲಿ “ಮಾವಿನಕಾಯಿ” ಅಂತ ಚೀಟಿ ಅಂಟಿಸಿದ್ದಾಳೆ.

ಭಾಷೆ ವಿಷಯಕ್ಕೆ ವಾಪಸ್. ಈಗೊಂದು ಫ್ಯಾಷನ್ ಶುರುವಾಗಿದೆ, ನನಗೆ ಸಿಟ್ಟು ಬರುವುದು ಅದಕ್ಕೆ. ಎರಡು ವಾರದ ಮಿಷನ್ ಟ್ರಿಪ್. ಒಂದು ತಂಡ ಅಕ್ಕನ ಊರಿಗೂ ಬಂದಿತ್ತು. ಯಾರು, ಎಲ್ಲಿಯವರು ಅಂತ ಹೇಳಲ್ಲ. ಒಂದೇ ಬಣ್ಣದ ಟೀ ಶರ್ಟ್, ಒಂದು ಡ್ರೋನ್. ಶಾಲೆ ಗೋಡೆಗೆ ಬಣ್ಣ ಬಳಿದರು. ಆ ಊರಲ್ಲಿ ಬಣ್ಣ ಬಳಿಯೋ ಕೆಲಸದವರು ಮೂರು ಜನ ಇದ್ದರು, ಕೂಲಿ ಇಲ್ಲದೆ ಕೂತಿದ್ದರು, ಇವರು ವಿಮಾನದ ಟಿಕೆಟ್ ಹಾಕಿಕೊಂಡು ಬಂದು ವಕ್ರವಕ್ರವಾಗಿ ಬಳಿದು, ಮಕ್ಕಳನ್ನು ಎತ್ತಿಕೊಂಡು ಫೋಟೋ ಹೊಡೆಸಿಕೊಂಡು ಹೋದರು. ಅವರ ಮೂವತ್ತು ಜನಕ್ಕೆ ಅಡುಗೆ ಮಾಡಿ ಹಾಕಿದ್ದು ಅಕ್ಕ ಮತ್ತು ಇಬ್ಬರು ಸಿಸ್ಟರ್‌ಗಳು. ಎರಡು ವಾರ ಔಷಧಾಲಯ ಅರ್ಧ ದಿನ. ಇದಕ್ಕೆ ಸೇವೆ ಅನ್ನಬೇಕಾ? ಪ್ರವಾಸ ಅನ್ನಿ, ನನ್ನದೇನೂ ತಕರಾರಿಲ್ಲ.

ಬರ್ಮಾಕ್ಕೆ ಹೋದ ಜಡ್ಸನ್ ಅಂತ ಒಬ್ಬ ಅಮೆರಿಕನ್ ಇದ್ದರು. 1813ರಲ್ಲಿ ಹೋದವರಿಗೆ ಮೊದಲ ಶಿಷ್ಯ ಸಿಕ್ಕಿದ್ದು 1819ರಲ್ಲಿ. ಆರು ವರ್ಷ ಅವರ ವರದಿಯಲ್ಲಿ ಸೊನ್ನೆ. ಈಗಿನ ಕಾಲದ ದಾನಿಗಳಾಗಿದ್ದರೆ ಎರಡನೇ ವರ್ಷಕ್ಕೇ ದುಡ್ಡು ನಿಲ್ಲಿಸುತ್ತಿದ್ದರು.

ಮತಾಂತರದ ಪ್ರಶ್ನೆಯಿಂದ ತಪ್ಪಿಸಿಕೊಳ್ಳುತ್ತಿದ್ದೇನೆ ಅಂದ್ಕೋಬೇಡಿ. ಅಕ್ಕನಿಗೆ ನಾನೇ ನೇರವಾಗಿ ಕೇಳಿದ್ದೇನೆ. ಅವಳ ಊರಲ್ಲಿ ಕ್ರೈಸ್ತರೂ ಇದ್ದಾರೆ, ಮುಸ್ಲಿಮರೂ ಇದ್ದಾರೆ, ಸಾಲಲ್ಲಿ ಯಾರು ಮೊದಲು ನಿಂತರೋ ಅವರಿಗೆ ಮೊದಲು ಮಾತ್ರೆ. “ಯೇಸುವಿನ ಬಗ್ಗೆ ಕೇಳಿದರೆ ಹೇಳ್ತೀನಿ, ಕೇಳದಿದ್ದರೆ ಮಾತ್ರೆ ಕೊಡ್ತೀನಿ” ಅಂದಳು. ನನ್ನ ಅಭಿಪ್ರಾಯ ಇಷ್ಟೇ. ನಂಬಿದ್ದನ್ನು ಹೇಳುವುದು ತಪ್ಪಲ್ಲ. ಮಾತ್ರೆ ಬೇಕಾದರೆ ಪ್ರಾರ್ಥನೆಗೆ ಬಾ ಅಂದರೆ ಅದು ತಪ್ಪು, ಯಾರು ಅಂದರೂ ತಪ್ಪು. ಇದರಲ್ಲಿ ನಡುವಿನ ದಾರಿ ಇಲ್ಲ.

ಅಪಾಯ ಇಲ್ಲವಾ? ಇದೆ. ಕೇರಳದ ಫಾದರ್ ಟಾಮ್ ಉಳುನ್ನಾಲಿಲ್ ಅವರನ್ನು ಯೆಮೆನ್‌ನ ಏಡನ್‌ನಲ್ಲಿ 2016ರ ಮಾರ್ಚ್‌ನಲ್ಲಿ ಹೊತ್ತೊಯ್ದರು, ಬಿಟ್ಟದ್ದು 2017ರ ಸೆಪ್ಟೆಂಬರ್‌ನಲ್ಲಿ. ಅದೇ ದಾಳಿಯಲ್ಲಿ ವೃದ್ಧಾಶ್ರಮ ನೋಡಿಕೊಳ್ಳುತ್ತಿದ್ದ ಮದರ್ ತೆರೇಸಾ ಪಂಗಡದ ನಾಲ್ವರು ಸಿಸ್ಟರ್‌ಗಳು ಸತ್ತರು. ಅವತ್ತು ಎಲ್ಲರ ಟಿವಿಯಲ್ಲೂ ಅದೇ ಸುದ್ದಿ.

ಆದರೆ ಸುದ್ದಿಯಾಗದ ಕಷ್ಟ ಬೇರೆ. ಚಿಕ್ಕಪ್ಪ ತೀರಿಕೊಂಡಾಗ ಅಕ್ಕನ ಪಾಸ್‌ಪೋರ್ಟ್ ಪರ್ಮಿಟ್ ನವೀಕರಣಕ್ಕೆ ಅಂತ ಒಂದು ಕಚೇರಿಯಲ್ಲಿತ್ತು. ವಾಪಸ್ ಸಿಗಲು ಒಂಬತ್ತು ದಿನ ಹಿಡಿಯಿತು. ಮಣ್ಣಿನ ದಿನ ನಾನೇ ಮೊಬೈಲ್ ಹಿಡಿದುಕೊಂಡು ನಿಂತಿದ್ದೆ, ವಿಡಿಯೋ ಕಾಲ್‌ನಲ್ಲಿ ಅವಳು. ಫಾದರ್ ಪ್ರಾರ್ಥನೆ ಮುಗಿಸಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುವ ಹೊತ್ತಿಗೆ ನೆಟ್‌ವರ್ಕ್ ಹೋಯಿತು. ಮತ್ತೆ ಬಂದಾಗ ಗುಂಡಿ ಮುಚ್ಚಿತ್ತು. ನಾನು ಅಳುತ್ತಾ ಕೈ ಕೆಳಗೆ ಬಿಟ್ಟಿದ್ದೆ, ಅವಳಿಗೆ ಕಾಣಿಸಿದ್ದು ನನ್ನ ಚಪ್ಪಲಿ ಮಾತ್ರ. ಅದನ್ನು ಅವಳು ಆಮೇಲೆ ಹೇಳಿದ್ದು. ಬೇಜಾರಿನಿಂದಲ್ಲ, ಸುಮ್ನೆ ಹೇಳಿದಳು. “ನಿನ್ನ ಚಪ್ಪಲಿ ಉಂಗುಷ್ಟ ಕಿತ್ತೋಗಿತ್ತು, ಹೊಲಿಸಿಕೊಂಡೆಯಾ?”

ಅವಳ ಸಂಸ್ಥೆಯಲ್ಲಿ ಮೂರು ವರ್ಷಕ್ಕೊಮ್ಮೆ ರಜೆ. ಹೋದ ಸಲ ಬಂದಾಗ ಒಂದು ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನೋಕೆ ಕರೆದುಕೊಂಡು ಹೋಗಿದ್ದೆ. ಪಕ್ಕದಲ್ಲಿ ಆರೇಳು ವರ್ಷದ ಹುಡುಗ ತಟ್ಟೆ ಹಿಡಿದು ಓಡಿ ಬಂದವನು ಮುಗ್ಗರಿಸಿ ಬಿದ್ದ. ಮಂಡಕ್ಕಿಯೆಲ್ಲ ನೆಲಕ್ಕೆ. ಅಕ್ಕ ಎದ್ದು ಓಡಿ, ಅವನ ಮಂಡಿ ಒರೆಸುತ್ತಾ “ಪೋಲೆ, ಪೋಲೆ” ಅಂದಳು. ಗೊತ್ತಿಲ್ಲದೆ ಬಾಯಿಂದ ಬಂದದ್ದು. ಹುಡುಗನ ಅಮ್ಮನಿಗೆ ಉರಿದುಹೋಯಿತು. “ಬಿದ್ದ ಮಗೂನ ಪೋಲಿ ಅಂತೀರಲ್ಲ, ಸಿಸ್ಟರ್ ಆಗಿ ಹಿಂಗಂತಾರಾ?” ಅಕ್ಕ ಐದು ನಿಮಿಷ ತಾಂಜಾನಿಯಾ, ಸ್ವಾಹಿಲಿ, ಅಜ್ಜಿ, ಮಾವಿನ ಮರ ಎಲ್ಲ ಹೇಳಿದಳು. ಆಯಮ್ಮ ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ. ನಾನು ಇನ್ನೊಂದು ಪ್ಲೇಟ್ ಮಂಡಕ್ಕಿ ಕೊಡಿಸಿದೆ. ಹೋಗುವಾಗ ಆ ಹುಡುಗ ತಿರುಗಿ ನೋಡಿ, ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡೇ, “ಪೋಲೆ ಆಂಟಿ” ಅಂದ.